ಭೂಮಿಯ ಬಾಗನ್ನು ಅಳೆದ ಲ್ಯಾಂಬ್ಟನ್

ಒಂದು ಊರಿನಿಂದ ಮತ್ತೊಂದು ಊರಿಗೆ ಎಷ್ಟು ದೂರವೆಂದು ಯಾರಾದರೂ ಕೇಳಿದರೆ ನಾವು ಸಾಮಾನ್ಯವಾಗಿ ದಾರಿಯ ಉದ್ದವನ್ನೇ ಹೇಳುತ್ತೇವೆ. ಆದರೆ ದಾರಿಯು ಕೆರೆಯನ್ನು ಬಳಸಿ, ಬೆಟ್ಟದ ಬುಡವನ್ನು ಸುತ್ತಿ, ಹೊಳೆಯನ್ನು ದಾಟಲು ಅನುಕೂಲವಿರುವೆಡೆಗೆ ತಿರುಗಿ ಮುಂದೆ ಸಾಗುತ್ತದೆ. ಅದರ ಉದ್ದವು ಎರಡು ಊರುಗಳ ನಡುವಣ ನಿಜವಾದ ದೂರವಲ್ಲ. ಹಾಗಾದರೆ ನಿಜವಾದ ದೂರ ಯಾವುದು? ಹಾಳೆಯ ಮೇಲಿನ ಎರಡು ಚುಕ್ಕೆಗಳ ನಡುವೆ ಎಳೆದ ಸರಳರೇಖೆಯೇ ಅತ್ಯಂತ ಕಡಿಮೆ ದೂರವೆಂದು ರೇಖಾಗಣಿತವು ನಮಗೆ ಕಲಿಸಿದೆ. ಆದರೆ ನಾವು ವಾಸಿಸುವ ನೆಲವು ಹಾಳೆಯಂತೆ ಸಮತಲವಲ್ಲ. ಅದು ಗೋಳದ ಮೈ. ಈ ಬಾಗಿದ ಮೈಯ ಮೇಲಿನ ದೂರವನ್ನು ತಪ್ಪಿಲ್ಲದೆ ಕಂಡುಹಿಡಿಯುವ ಕಾರ್ಯಕ್ಕೆ ತನ್ನ ಬಾಳಿನ ಕೊನೆಯ ಎರಡು ದಶಕಗಳಿಗೂ ಹೆಚ್ಚಿನ ಕಾಲವನ್ನು ಮುಡಿಪಾಗಿಟ್ಟವನು ವಿಲಿಯಂ ಲ್ಯಾಂಬ್ಟನ್. ಆ ಮಹಾಕಾರ್ಯದ ಮೊದಲ ಹೆಜ್ಜೆಗಳು ಮೂಡಿದ್ದು ನಮ್ಮ ಬೆಂಗಳೂರಿನ ಸುತ್ತಲಿನ ನೆಲದಲ್ಲಿಯೇ.

ಲ್ಯಾಂಬ್ಟನ್ ಹುಟ್ಟಿದ್ದು ಹದಿನೆಂಟನೆಯ ಶತಮಾನದ ಮಧ್ಯಭಾಗದಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಒಂದು ಸಾಮಾನ್ಯ ಮನೆತನದಲ್ಲಿ. ಬಾಲ್ಯದಿಂದಲೇ ಅವನಿಗೆ ಗಣಿತದಲ್ಲಿ ವಿಶೇಷವಾದ ಒಲವಿತ್ತು. ೧೭೮೧ರಲ್ಲಿ ಅವನು ಸೈನ್ಯವನ್ನು ಸೇರಿ, ಆಗ ಅಮೆರಿಕದಲ್ಲಿ ನಡೆಯುತ್ತಿದ್ದ ಸ್ವಾತಂತ್ರ್ಯ ಸಂಗ್ರಾಮಕ್ಕೆ ಕಳುಹಿಸಲ್ಪಟ್ಟನು. ಯಾರ್ಕ್‌ಟೌನಿನಲ್ಲಿ ಬ್ರಿಟಿಷ್ ಸೇನೆ ಶರಣಾದಾಗ ಅವನೂ ಸೆರೆಯಾಳಾದನು. ಬಿಡುಗಡೆಯ ಅನಂತರ ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರದೇಶದಲ್ಲಿ ಗಡಿಯ ನೆಲವನ್ನು ಅಳೆಯುವ ಕೆಲಸವೂ, ಆಮೇಲೆ ಸೈನಿಕರ ವಸತಿಗಳ ಮೇಲ್ವಿಚಾರಣೆಯೂ ಅವನ ಪಾಲಿಗೆ ಬಂದವು. ಆ ದೂರದ ಚಳಿನಾಡಿನಲ್ಲಿ ಅವನು ಹಲವು ವರ್ಷಗಳನ್ನು ಕಳೆದನು. ಅಧಿಕಾರವಾಗಲಿ ಕೀರ್ತಿಯಾಗಲಿ ಅವನನ್ನು ಹುಡುಕಿಕೊಂಡು ಬರಲಿಲ್ಲ. ಅವನಾದರೋ ಬಿಡುವಿನ ವೇಳೆಯನ್ನೆಲ್ಲ ಗಣಿತ ಮತ್ತು ಖಗೋಳಶಾಸ್ತ್ರದ ಗ್ರಂಥಗಳ ಅಧ್ಯಯನದಲ್ಲಿ ವಿನಿಯೋಗಿಸಿದನು. ಭೂಮಿಯ ಆಕಾರವನ್ನು ಅಳತೆಯಿಂದ ನಿರ್ಣಯಿಸುವ ಶಾಸ್ತ್ರ ಅವನ ಮನಸ್ಸನ್ನು ಸಂಪೂರ್ಣವಾಗಿ ಸೆರೆಹಿಡಿಯಿತು.

ಭಾರತಕ್ಕೆ ಬಂದಾಗ ಅವನಿಗೆ ನಲವತ್ತು ವರ್ಷ ದಾಟಿತ್ತು; ಆದರೂ ಅವನಿನ್ನೂ ಕೆಳದರ್ಜೆಯ ಅಧಿಕಾರಿಯಾಗಿದ್ದನು. ೧೭೯೯ರಲ್ಲಿ ಟಿಪ್ಪು ಸುಲ್ತಾನನ ವಿರುದ್ಧ ನಡೆದ ಕೊನೆಯ ಯುದ್ಧದಲ್ಲಿ ಅವನು ಸೇನಾನಿ ಬೇರ್ಡನ ಸಹಾಯಕನಾಗಿ ಶ್ರೀರಂಗಪಟ್ಟಣದವರೆಗೆ ಬಂದನು. ಒಂದು ರಾತ್ರಿ ಬೇರ್ಡನ ದಂಡು ಕತ್ತಲೆಯಲ್ಲಿ ತನ್ನ ಪಾಳೆಯದ ಕಡೆಗೆ ಮರಳುತ್ತಿತ್ತು. ನಕ್ಷತ್ರಗಳನ್ನು ಗಮನಿಸಿದ ಲ್ಯಾಂಬ್ಟನ್ನನಿಗೆ ದಂಡು ತಪ್ಪು ದಿಕ್ಕಿನಲ್ಲಿ, ಎಂದರೆ ಟಿಪ್ಪುವಿನ ಸೈನ್ಯದ ಕಡೆಗೇ ಸಾಗುತ್ತಿರುವುದು ತಿಳಿಯಿತು. ಅವನ ಮಾತನ್ನು ಸೇನಾನಿಯು ಮೊದಲು ನಂಬಲಿಲ್ಲ. ದಿಕ್ಸೂಚಿಯನ್ನು ತರಿಸಿ ನೋಡಿದಾಗ ನಕ್ಷತ್ರಗಳ ಸಾಕ್ಷ್ಯವೇ ನಿಜವಾಯಿತು. ಮಾತು ಕಡಿಮೆಯಾದ ಈ ಅಧಿಕಾರಿಯ ವಿದ್ವತ್ತು ಮೇಲಿನವರ ಕಣ್ಣಿಗೆ ಬಿದ್ದ ಪ್ರಸಂಗಗಳಲ್ಲಿ ಇದೂ ಒಂದು.

ಯುದ್ಧ ಮುಗಿದೊಡನೆ ಕಂಪನಿ ಸರ್ಕಾರಕ್ಕೆ ಹೊಸದಾಗಿ ಕೈಸೇರಿದ ಪ್ರದೇಶಗಳ ನಕ್ಷೆ ಬೇಕಾಯಿತು. ಮೈಸೂರು ಸೀಮೆಯ ಊರುಕೇರಿಗಳ ಸರ್ವೇಕ್ಷಣೆಯನ್ನು ಕಾಲಿನ್ ಮೆಕೆಂಜಿ ವಹಿಸಿಕೊಂಡನು. ಲ್ಯಾಂಬ್ಟನ್ನನು ಅದಕ್ಕಿಂತ ಬೇರೆಯಾದ ಒಂದು ಯೋಜನೆಯನ್ನು ಮುಂದಿಟ್ಟನು. ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಯವರೆಗೆ ಗಣಿತದ ಆಧಾರದ ಮೇಲೆ ಅಳತೆ ಮಾಡಿ, ಮುಖ್ಯ ಸ್ಥಳಗಳ ನೆಲೆಯನ್ನು ಖಚಿತವಾಗಿ ನಿರ್ಣಯಿಸಬೇಕು. ಜೊತೆಗೆ ಭೂಮಿಯ ಬಾಗಿನ ಪ್ರಮಾಣವನ್ನೂ ಕಂಡುಹಿಡಿಯಬೇಕು ಎಂಬುದು ಅವನ ಸೂಚನೆ. ಅವನ ದಳದ ನಾಯಕನಾದ ಆರ್ಥರ್ ವೆಲ್ಲೆಸ್ಲಿಯ ಬೆಂಬಲದಿಂದ ೧೮೦೦ರಲ್ಲಿ ಮದರಾಸು ಸರ್ಕಾರ ಅದಕ್ಕೆ ಸಮ್ಮತಿ ನೀಡಿತು.

ಎಲ್ಲರೂ ಇದನ್ನು ಮೆಚ್ಚಲಿಲ್ಲ. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿಯ ಬೋಯಿಗಳಿಗೆ ಹೇಳಿದರೆ ಸಾಕು, ಲ್ಯಾಂಬ್ಟನ್ನನ ನಕ್ಷೆಯ ಹಂಗಿಲ್ಲದೆ ಅವರು ಅವನನ್ನು ಅಲ್ಲಿಗೆ ಮುಟ್ಟಿಸುತ್ತಾರೆ ಎಂದು ಮದರಾಸಿನ ಹಣಕಾಸು ಸಮಿತಿಯ ಸದಸ್ಯನೊಬ್ಬನು ಹಾಸ್ಯ ಮಾಡಿದನಂತೆ. ಈ ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇರಲಿಲ್ಲ. ಬೋಯಿಗಳಿಗೆ ದಾರಿ ನಿಜವಾಗಿಯೂ ಗೊತ್ತಿತ್ತು. ಆದರೆ ಅವರಿಗೆ ಗೊತ್ತಿದ್ದದ್ದು ನಡೆಯುವ ದಾರಿ. ಎಷ್ಟು ದಾರಿಗಳನ್ನು ಕೂಡಿಸಿದರೂ ನಾಡಿನ ಅಗಲವೆಷ್ಟು, ಒಂದು ಊರು ಮತ್ತೊಂದರಿಂದ ಯಾವ ದಿಕ್ಕಿನಲ್ಲಿ ಎಷ್ಟು ದೂರದಲ್ಲಿದೆ ಎಂಬುದು ಅದರಿಂದ ತಿಳಿಯುವುದಿಲ್ಲ. ದಾರಿಯ ಅಳತೆಗಳನ್ನು ಜೋಡಿಸಿ ನಕ್ಷೆ ಮಾಡಿದರೆ ಪ್ರತಿಯೊಂದು ತಿರುವಿನ ತಪ್ಪೂ ಮುಂದಿನ ತಪ್ಪಿಗೆ ಸೇರಿ ಬೆಳೆಯುತ್ತದೆ. ಈ ಮಾತು ಎಷ್ಟು ನಿಜವೆಂಬುದು ಕೆಲವೇ ವರ್ಷಗಳಲ್ಲಿ ಸ್ಪಷ್ಟವಾಯಿತು.

ಲ್ಯಾಂಬ್ಟನ್ನನು ಅನುಸರಿಸಿದ್ದು ತ್ರಿಕೋನ ಮಾಪನದ ವಿಧಾನ. ತ್ರಿಕೋನದ ಒಂದು ಬಾಹುವೂ ಕೋನಗಳೂ ತಿಳಿದಿದ್ದರೆ ಉಳಿದ ಎರಡು ಬಾಹುಗಳನ್ನು ಲೆಕ್ಕದಿಂದ ಪಡೆಯಬಹುದಷ್ಟೆ. ಆದ್ದರಿಂದ ಸಮತಟ್ಟಾದ ನೆಲದಲ್ಲಿ ಏಳೆಂಟು ಮೈಲಿ ಉದ್ದದ ಒಂದು ಗೆರೆಯನ್ನು ಸರಪಣಿಯಿಂದ ಅತ್ಯಂತ ಎಚ್ಚರಿಕೆಯಾಗಿ ಅಳೆಯಬೇಕು. ಇದಕ್ಕೆ ಆಧಾರರೇಖೆಯೆಂದು ಹೆಸರು. ಅದರ ಎರಡು ತುದಿಗಳಿಂದ ದೂರದ ಬೆಟ್ಟವೊಂದನ್ನು ಥಿಯೊಡೊಲೈಟ್ ಎಂಬ ಕೋನಮಾಪಕದ ಮೂಲಕ ನೋಡಿ ಕೋನಗಳನ್ನು ಅಳೆದರೆ ಮೊದಲನೆಯ ತ್ರಿಕೋನ ಸಿದ್ಧವಾಗುತ್ತದೆ. ಅದರ ಒಂದು ಬಾಹುವಿನ ಮೇಲೆ ಎರಡನೆಯ ತ್ರಿಕೋನವನ್ನು, ಅದರ ಮೇಲೆ ಮೂರನೆಯದನ್ನು ಕಟ್ಟುತ್ತ ಹೋಗಬಹುದು. ಹೀಗೆ ಕಣಿವೆ ಕಾಡುಗಳಲ್ಲಿ ಸರಪಣಿಯನ್ನು ಎಳೆಯದೆಯೇ ಶಿಖರದಿಂದ ಶಿಖರಕ್ಕೆ ದೃಷ್ಟಿಯಿಂದಲೇ ದಾಟಿ ನೂರಾರು ಮೈಲಿಗಳನ್ನು ಅಳೆಯಬಹುದು.

ಆದರೆ ಇಲ್ಲಿ ಭೂಮಿಯ ದುಂಡುತನ ಎದುರಾಗುತ್ತದೆ. ಹಾಳೆಯ ಮೇಲಿನ ತ್ರಿಕೋನದ ಮೂರು ಕೋನಗಳ ಮೊತ್ತ ೧೮೦ ಡಿಗ್ರಿ. ಗೋಳದ ಮೇಲೆ ಹಾಗಲ್ಲ. ಉತ್ತರ ಧ್ರುವದಿಂದ ಒಂದಕ್ಕೊಂದು ಲಂಬವಾದ ಎರಡು ರೇಖಾಂಶಗಳ ಗುಂಟ ಸಮಭಾಜಕ ವೃತ್ತದವರೆಗೆ ಇಳಿದರೆ, ಮೂರು ಕೋನಗಳೂ ೯೦ ಡಿಗ್ರಿಯಾಗಿರುವ ತ್ರಿಕೋನ ದೊರೆಯುತ್ತದೆ. ಅದರ ಕೋನಗಳ ಮೊತ್ತ ೨೭೦ ಡಿಗ್ರಿ! ತ್ರಿಕೋನವು ಚಿಕ್ಕದಾದಷ್ಟೂ ಈ ಹೆಚ್ಚಳ ಕಡಿಮೆಯಾಗುತ್ತದೆ. ಪ್ರತಿ ಬಾಹುವೂ ೫೦ ಕಿಲೋಮೀಟರು ಇರುವ ತ್ರಿಕೋನದಲ್ಲಿ ಅದು ಕೇವಲ ಐದೂವರೆ ಸೆಕೆಂಡಿನಷ್ಟು. ಒಂದು ಡಿಗ್ರಿಯನ್ನು ೩,೬೦೦ ಭಾಗ ಮಾಡಿದರೆ ಒಂದು ಸೆಕೆಂಡಾಗುತ್ತದೆ ಎಂಬುದನ್ನು ನೆನೆದರೆ ಈ ಪ್ರಮಾಣದ ಸೂಕ್ಷ್ಮತೆ ಅರಿವಾದೀತು. ಇದನ್ನು ಕಡೆಗಣಿಸಿದರೆ ನೂರಾರು ತ್ರಿಕೋನಗಳ ಸರಣಿಯಲ್ಲಿ ಲೆಕ್ಕವೆಲ್ಲ ಕೆಡುತ್ತದೆ. ಇದೇ ರೀತಿಯ ಇನ್ನೊಂದು ತೊಡಕೂ ಉಂಟು. ಗೋಳದ ನಡುವಿನಿಂದ ಮೇಲೇರಿದಂತೆಲ್ಲ ಅದೇ ಕೋನದ ಎದುರಿನ ದೂರ ಹಿಗ್ಗುತ್ತದೆ. ಸಮುದ್ರ ಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದ ಬೆಂಗಳೂರಿನಲ್ಲಿ ಅಳೆದ ೧೨ ಕಿಲೋಮೀಟರುಗಳನ್ನು ಸಮುದ್ರ ಮಟ್ಟಕ್ಕೆ ಇಳಿಸಿ ಲೆಕ್ಕ ಮಾಡಿದರೆ ಒಂದೂವರೆ ಮೀಟರಿಗಿಂತ ಹೆಚ್ಚು ಕಡಿಮೆಯಾಗುತ್ತದೆ.

ಇಂತಹ ಸೂಕ್ಷ್ಮ ಕಾರ್ಯಕ್ಕೆ ತಕ್ಕ ಉಪಕರಣಗಳು ಭಾರತದಲ್ಲಿ ದೊರೆಯುವುದು ಕಷ್ಟವಾಗಿತ್ತು. ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ ಅಲ್ಲಿ ಸಲ್ಲದೆ ಮರಳಿದ ನೂರು ಅಡಿ ಉದ್ದದ ಒಂದು ಉಕ್ಕಿನ ಸರಪಣಿಯು ಕಲ್ಕತ್ತೆಯಲ್ಲಿತ್ತು. ಲ್ಯಾಂಬ್ಟನ್ನನ ಕಾರ್ಯಕ್ಕಾಗಿ ಅದನ್ನು ಕೊಳ್ಳಲಾಯಿತು. ಅದರಿಂದ ಅವನು ೧೮೦೦ರ ಕೊನೆಯ ತಿಂಗಳುಗಳಲ್ಲಿ ಬೆಂಗಳೂರಿನ ಬಳಿ ಮೊದಲನೆಯ ಆಧಾರರೇಖೆಯನ್ನು ಅಳೆದನು. ದೊಡ್ಡ ಥಿಯೊಡೊಲೈಟನ್ನು ಲಂಡನ್ನಿನಿಂದ ತರಿಸಬೇಕಾಯಿತು. ಮೂರು ಅಡಿ ವ್ಯಾಸದ ವೃತ್ತವುಳ್ಳ ಆ ಯಂತ್ರದ ತೂಕ ಸುಮಾರು ಅರ್ಧ ಟನ್ನು. ಅದನ್ನು ತರುತ್ತಿದ್ದ ಹಡಗು ದಾರಿಯಲ್ಲಿ ಫ್ರೆಂಚರ ವಶವಾಯಿತು. ಯಂತ್ರವನ್ನು ಮಾರಿಷಸ್ ದ್ವೀಪಕ್ಕೆ ಒಯ್ದ ಫ್ರೆಂಚ್ ಅಧಿಕಾರಿಗಳು ಅದು ವಿಜ್ಞಾನದ ಕೆಲಸಕ್ಕೆಂದು ಹೊರಟಿದ್ದುದನ್ನು ಅರಿತು ಸೌಜನ್ಯದಿಂದ ಮದರಾಸಿಗೆ ಕಳುಹಿಸಿಕೊಟ್ಟರು. ಎರಡು ದೇಶಗಳು ವೈರಿಗಳಾಗಿದ್ದ ಕಾಲದಲ್ಲಿಯೂ ವಿದ್ಯೆಗೆ ಇಂತಹ ಮನ್ನಣೆ ದೊರೆಯಿತೆಂಬುದು ಸ್ಮರಣೀಯ.

೧೮೦೨ರ ಏಪ್ರಿಲ್ ೧೦ರಂದು ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಮಹಾಕಾರ್ಯವು ವಿಧಿವತ್ತಾಗಿ ಆರಂಭವಾಯಿತು. ಏಳೂವರೆ ಮೈಲಿ ಉದ್ದದ ಆಧಾರರೇಖೆಯನ್ನು ಅಳೆಯಲು ಆರು ವಾರಗಳು ಹಿಡಿದವು. ಬಿಸಿಲಿಗೆ ಉಕ್ಕು ಹಿಗ್ಗುವುದರಿಂದ ಸರಪಣಿಯನ್ನು ಮರದ ಪೆಟ್ಟಿಗೆಗಳಲ್ಲಿ ಹಾಸಿ, ಪಕ್ಕದಲ್ಲಿ ಉಷ್ಣಮಾಪಕಗಳನ್ನಿಟ್ಟು, ಕಾವಿಗೆ ತಕ್ಕಂತೆ ಉದ್ದವನ್ನು ತಿದ್ದಲಾಗುತ್ತಿತ್ತು. ಬೇಸಿಗೆಯ ಉರಿಯಲ್ಲಿ ನೂರು ನೂರು ಅಡಿಗಳಂತೆ ಸರಪಣಿಯನ್ನು ಸುಮಾರು ೪೦೦ ಬಾರಿ ಹಾಸಿ ಎತ್ತಿದ ಆ ಜನರ ಸಹನೆಯನ್ನು ನಾವು ಊಹಿಸಿಕೊಳ್ಳಬೇಕು.

ಮುಂದೆ ತ್ರಿಕೋನಗಳ ಸರಣಿಯು ಪಶ್ಚಿಮಕ್ಕೆ ತಿರುಗಿ ಘಟ್ಟವನ್ನೇರಿ ಮೈಸೂರು ಸೀಮೆಯನ್ನು ಹೊಕ್ಕಿತು. ಬೆಂಗಳೂರಿಗೆ ಬಂದಾಗ ಲ್ಯಾಂಬ್ಟನ್ನನು ತನ್ನ ಕೆಲಸವನ್ನು ತಾನೇ ಕಠಿಣವಾದ ಪರೀಕ್ಷೆಗೆ ಒಡ್ಡಿದನು. ಮದರಾಸಿನ ಆಧಾರರೇಖೆಯಿಂದ ಮೊದಲ್ಗೊಂಡು ತ್ರಿಕೋನಗಳ ಮೂಲಕ ಬಂದ ಲೆಕ್ಕವು ಬೆಂಗಳೂರಿನ ಒಂದು ಗೆರೆಯ ಉದ್ದ ಇಷ್ಟೆಂದು ಹೇಳುತ್ತಿತ್ತು. ಅದೇ ಗೆರೆಯನ್ನು ೧೮೦೪ರಲ್ಲಿ ಅವನ ಸಹಾಯಕ ಜಾನ್ ವಾರನ್ ಸರಪಣಿಯಿಂದ ನೇರವಾಗಿ ಅಳೆದನು. ಏಳು ಮೈಲಿಗೂ ಮೀರಿದ ಆ ಗೆರೆಯಲ್ಲಿ ಲೆಕ್ಕಕ್ಕೂ ಅಳತೆಗೂ ಇದ್ದ ವ್ಯತ್ಯಾಸ ೩.೭ ಅಂಗುಲ ಮಾತ್ರ! ಒಂದು ಗೇಣಿಗೂ ಕಡಿಮೆ. ಎತ್ತರಕ್ಕಾಗಿ ಮಾಡಬೇಕಾದ ಒಂದೂವರೆ ಮೀಟರಿನ ತಿದ್ದುಪಡಿಯೊಂದನ್ನೇ ಮರೆತಿದ್ದರೂ ಈ ಹೊಂದಾಣಿಕೆ ಸಾಧ್ಯವಾಗುತ್ತಿರಲಿಲ್ಲ.

ಬೆಂಗಳೂರಿನಿಂದ ಸರಣಿಯು ಪಶ್ಚಿಮ ಘಟ್ಟಗಳ ದಟ್ಟವಾದ ಕಾಡುಗಳನ್ನು ದಾಟಿ ಮಂಗಳೂರಿನ ಕರಾವಳಿಗೆ ಇಳಿಯಿತು. ಆಗ ಹೊರಬಿದ್ದ ಫಲಿತಾಂಶ ಎಲ್ಲರನ್ನೂ ಬೆರಗುಗೊಳಿಸಿತು. ಮದರಾಸಿಗೂ ಮಂಗಳೂರಿಗೂ ನಡುವೆ ನಾಡಿನ ಅಗಲ ೪೦೦ ಮೈಲಿಯೆಂದು ಅಂದಿನ ನಕ್ಷೆಗಳು ತೋರಿಸುತ್ತಿದ್ದವು. ನಿಜವಾಗಿ ಅದು ಸುಮಾರು ೩೬೦ ಮೈಲಿ, ಎಂದರೆ ೫೮೦ ಕಿಲೋಮೀಟರು. ನಲವತ್ತು ಮೈಲಿಗಳಷ್ಟು ಇಲ್ಲದ ನೆಲವನ್ನು ನಕ್ಷೆಗಳು ಇದೆಯೆಂದು ತೋರಿಸಿದ್ದವು! ಪಲ್ಲಕ್ಕಿಯ ಹಾಸ್ಯಕ್ಕೆ ಇದಕ್ಕಿಂತ ಸಮರ್ಪಕವಾದ ಉತ್ತರ ಬೇಕಿರಲಿಲ್ಲ.

ಈ ಎರಡು ಊರುಗಳಿಂದಲೇ ನಾವು ಮತ್ತೊಂದು ಸ್ವಾರಸ್ಯವಾದ ಸಂಗತಿಯನ್ನು ತಿಳಿಯಬಹುದು. ಎರಡೂ ಹೆಚ್ಚು ಕಡಿಮೆ ೧೩ ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಹಾಗಾದರೆ ಆ ಅಕ್ಷಾಂಶದ ಗೆರೆಯ ಮೇಲೆ ನೇರವಾಗಿ ಪೂರ್ವಕ್ಕೆ ಹೋಗುವುದೇ ಹತ್ತಿರದ ಹಾದಿಯೆಂದು ತೋರುತ್ತದೆ. ಅದು ಸರಿಯಲ್ಲ. ಒಂದು ಚೆಂಡಿನ ಮೇಲೆ ಎರಡು ಗುರುತುಗಳನ್ನು ಮಾಡಿ ಅವುಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿಯಿರಿ. ಆ ದಾರವು ಚೆಂಡನ್ನು ಸರಿಯಾಗಿ ಎರಡು ಅರ್ಧಗಳಾಗಿ ಸೀಳುವ ದೊಡ್ಡ ವೃತ್ತದ ಮೇಲೆ ನಿಲ್ಲುತ್ತದೆ. ಇದಕ್ಕೆ ಮಹಾವೃತ್ತವೆಂದು ಹೆಸರು. ಗೋಳದ ಮೇಲೆ ಎರಡು ಸ್ಥಳಗಳ ನಡುವಣ ಅತ್ಯಂತ ಹತ್ತಿರದ ಹಾದಿ ಮಹಾವೃತ್ತದ ಹಾದಿಯೇ. ಸಮಭಾಜಕ ವೃತ್ತವೊಂದನ್ನುಳಿದು ಬೇರಾವ ಅಕ್ಷಾಂಶವೂ ಮಹಾವೃತ್ತವಲ್ಲ. ಆದುದರಿಂದ ಈ ಅಕ್ಷಾಂಶದಲ್ಲಿ ಅಷ್ಟು ದೂರವಿರುವ ಎರಡು ಸ್ಥಳಗಳ ನಡುವಣ ಹತ್ತಿರದ ಹಾದಿಯು ಮಧ್ಯದಲ್ಲಿ ಅಕ್ಷಾಂಶದ ಗೆರೆಗಿಂತ ಸುಮಾರು ಒಂದೂವರೆ ಕಿಲೋಮೀಟರು ಉತ್ತರಕ್ಕೆ ಬಾಗಿರುತ್ತದೆ. ಇದರಿಂದಾಗುವ ಉಳಿತಾಯ ಹತ್ತು ಹನ್ನೊಂದು ಮೀಟರು ಮಾತ್ರ. ದಾರಿಹೋಕನಿಗೆ ಇದು ಲೆಕ್ಕಕ್ಕಿಲ್ಲ. ಅಂಗುಲಗಳನ್ನು ಎಣಿಸುತ್ತಿದ್ದ ಲ್ಯಾಂಬ್ಟನ್ನನಂಥವನಿಗೆ ಇದು ಸಣ್ಣ ವಿಷಯವಾಗಿರಲಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕಾಗಿತ್ತು. ಭೂಮಿಯು ಸರಿಯಾದ ಗೋಳವೂ ಅಲ್ಲ. ಧ್ರುವಗಳ ಬಳಿ ತುಸು ಚಪ್ಪಟೆಯಾಗಿದೆ ಎಂದು ನ್ಯೂಟನ್ ಪ್ರತಿಪಾದಿಸಿದ್ದನು. ಹಾಗಿದ್ದರೆ ಒಂದು ಡಿಗ್ರಿ ಅಕ್ಷಾಂಶದ ಉದ್ದವು ಎಲ್ಲೆಡೆಯೂ ಒಂದೇ ಆಗಿರಲಾರದು. ೧೭೩೫ರಲ್ಲಿ ದಕ್ಷಿಣ ಅಮೆರಿಕಕ್ಕೂ ೧೭೩೬ರಲ್ಲಿ ಲ್ಯಾಪ್‌ಲ್ಯಾಂಡಿಗೂ ಹೊರಟ ಫ್ರೆಂಚ್ ವಿದ್ವಾಂಸರು ಇದನ್ನು ಅಳೆದು ದೃಢಪಡಿಸಿದ್ದರು. ಈಗ ನಮಗೆ ತಿಳಿದಂತೆ ಸಮಭಾಜಕ ವೃತ್ತದ ಬಳಿ ಒಂದು ಡಿಗ್ರಿಯ ಉದ್ದ ಸುಮಾರು ೧೧೦.೬ ಕಿಲೋಮೀಟರು; ಧ್ರುವದ ಬಳಿ ಸುಮಾರು ೧೧೧.೭ ಕಿಲೋಮೀಟರು. ಚಪ್ಪಟೆಯ ಪ್ರಮಾಣವೆಷ್ಟೆಂಬುದು ತಿಳಿಯದೆ ದೂರದ ಊರುಗಳ ಅಂತರವನ್ನು ನಿಖರವಾಗಿ ಲೆಕ್ಕ ಹಾಕುವುದು ಅಸಾಧ್ಯ. ಅದಕ್ಕಾಗಿ ಲ್ಯಾಂಬ್ಟನ್ನನು ಕನ್ಯಾಕುಮಾರಿಯ ಬಳಿಯಿಂದ ಉತ್ತರಕ್ಕೆ, ರೇಖಾಂಶದ ಗುಂಟ ಒಂದು ದೀರ್ಘವಾದ ಕಂಸವನ್ನು ಅಳೆಯತೊಡಗಿದನು. ಮಹಾಕಂಸವೆಂದು ಪ್ರಸಿದ್ಧವಾದ ಈ ಅಳತೆಯ ಹಾದಿಯಲ್ಲಿ ಬೆಂಗಳೂರಿನ ದೊಡ್ಡಗುಂಟೆಯೂ ಒಂದು ವೀಕ್ಷಣಾಸ್ಥಾನವಾಗಿತ್ತು. ಗುತ್ತಿಯ ಬಳಿ ೧೮೧೧ರಲ್ಲಿಯೂ ಬೀದರದ ಬಳಿ ೧೮೧೫ರಲ್ಲಿಯೂ ಹೊಸ ಆಧಾರರೇಖೆಗಳನ್ನು ಅಳೆದು ಕೆಲಸವನ್ನು ಪರೀಕ್ಷಿಸಲಾಯಿತು.

ಈ ನಡುವೆ ೧೮೦೮ರಲ್ಲಿ ಒಂದು ದೊಡ್ಡ ವಿಪತ್ತು ಒದಗಿತು. ತಂಜಾವೂರಿನ ಬಯಲಿನಲ್ಲಿ ಬೆಟ್ಟಗಳಿಲ್ಲದ ಕಾರಣ ದೇವಾಲಯದ ಎತ್ತರವಾದ ಗೋಪುರದ ಮೇಲಕ್ಕೆ ದೊಡ್ಡ ಥಿಯೊಡೊಲೈಟನ್ನು ಹಗ್ಗಗಳಿಂದ ಎತ್ತಲಾಗುತ್ತಿತ್ತು. ಅದನ್ನು ಗೋಡೆಯಿಂದ ದೂರಕ್ಕೆ ಸೆಳೆದು ಹಿಡಿದಿದ್ದ ಹಗ್ಗವು ಹರಿದುಹೋಯಿತು. ಯಂತ್ರವು ಕಲ್ಲಿನ ಗೋಡೆಗೆ ಅಪ್ಪಳಿಸಿತು. ಸೆಕೆಂಡಿನ ಅಂಶಗಳನ್ನು ತೋರಿಸಬೇಕಾದ ವೃತ್ತವು ಸೊಟ್ಟಗಾಯಿತು. ಬೇರೊಂದು ಯಂತ್ರವು ಇಂಗ್ಲೆಂಡಿನಿಂದ ಬರಲು ವರ್ಷಗಳೇ ಬೇಕು. ಅಷ್ಟರಲ್ಲಿ ಸರ್ಕಾರದ ಮನಸ್ಸು ಬದಲಾಗಿ ಕೆಲಸವೇ ನಿಂತುಹೋಗಬಹುದು. ಲ್ಯಾಂಬ್ಟನ್ನನು ಯಾರನ್ನೂ ದೂರಲಿಲ್ಲ. ನುರಿತ ಕೆಲಸಗಾರರನ್ನು ಮಾತ್ರ ಜೊತೆಗಿಟ್ಟುಕೊಂಡು ತನ್ನ ಡೇರೆಯನ್ನು ಹೊಕ್ಕನು. ಯಂತ್ರವನ್ನೆಲ್ಲ ಬಿಚ್ಚಿ, ಅಗಲವಾದ ಹಲಗೆಯ ಮೇಲೆ ವೃತ್ತದ ಮೂಲ ಗಾತ್ರವನ್ನು ಕೊರೆದು, ಬೆಣೆ, ತಿರುಪು, ರಾಟೆಗಳ ಸಹಾಯದಿಂದ ಲೋಹದ ಅಂಚನ್ನು ಎಳ್ಳಷ್ಟು ಎಳ್ಳಷ್ಟಾಗಿ ಸರಿಪಡಿಸಿದನು. ಬಾಗಿದ ಕಡ್ಡಿಗಳನ್ನು ಚಿಕ್ಕ ಸುತ್ತಿಗೆಗಳಿಂದ ತಟ್ಟಿ ನೇರ ಮಾಡಿದನು. ಆರು ವಾರಗಳ ಕೊನೆಗೆ ಯಂತ್ರವು ಬಹುಮಟ್ಟಿಗೆ ತನ್ನ ಮೊದಲಿನ ರೂಪಕ್ಕೆ ಮರಳಿತು, ಕೆಲಸವು ಮುಂದುವರಿಯಿತು.

ಇಷ್ಟೆಲ್ಲ ಸಾಧನೆಯೂ ಒಬ್ಬನ ಕೈಯಿಂದಲೇ ಆದದ್ದೆಂದು ನಾವು ತಿಳಿಯಬಾರದು. ಅರ್ಧ ಟನ್ನಿನ ಯಂತ್ರವನ್ನು ಹೊತ್ತು ಬೆಟ್ಟವೇರಿದವರು, ಶಿಖರಗಳಲ್ಲಿ ಬಾವುಟ ಹಿಡಿದು ಕಾದವರು, ಕಾಡಿನಲ್ಲಿ ದಾರಿ ಬಿಡಿಸಿದವರು ಈ ನಾಡಿನ ಸಾಮಾನ್ಯ ಜನರು. ಅವರಲ್ಲಿ ಎಷ್ಟೋ ಮಂದಿ ಕಾಡಿನ ಜ್ವರಕ್ಕೆ ತುತ್ತಾದರು. ಅವರ ಹೆಸರುಗಳನ್ನು ಯಾವ ದಾಖಲೆಯೂ ಉಳಿಸಿಲ್ಲ. ಮದರಾಸಿನ ಸರ್ವೇಕ್ಷಣ ಶಾಲೆಯಲ್ಲಿ ಕಲಿತ ಜೋಶುವಾ ಡಿ ಪೆನ್ನಿಂಗ್ ಮೊದಲಾದ ಯುವಕರು ಅವನ ಬಲಗೈಯಾಗಿ ದುಡಿದರು. ಈ ನಕ್ಷೆಗಳು ಕಂಪನಿಯ ಆಳ್ವಿಕೆಯನ್ನು ಬಲಪಡಿಸುವ ಸಾಧನಗಳಾಗಿದ್ದವು ಎಂಬುದನ್ನೂ ನಾವು ಮರೆಯಲಾಗದು. ಆದರೆ ಭೂಮಿಯ ಬಾಗಿನ ಬಗೆಗೆ ಈ ನೆಲದಲ್ಲಿ ದೊರೆತ ಜ್ಞಾನವು ಯಾವ ಒಂದು ಸರ್ಕಾರದ ಸೊತ್ತೂ ಆಗಿ ಉಳಿಯಲಿಲ್ಲ.

ಪರದೇಶಗಳ ವಿದ್ವಾಂಸರು ಲ್ಯಾಂಬ್ಟನ್ನನ ಕೆಲಸವನ್ನು ಬೇಗನೆ ಗುರುತಿಸಿದರು. ೧೮೧೭ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯೂ ಲಂಡನ್ನಿನ ರಾಯಲ್ ಸೊಸೈಟಿಯೂ ಅವನಿಗೆ ಸದಸ್ಯತ್ವವನ್ನಿತ್ತು ಗೌರವಿಸಿದವು. ೧೮೧೮ರಲ್ಲಿ ಈ ಕಾರ್ಯಕ್ಕೆ ಭಾರತದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆ ಎಂಬ ಹೆಸರು ಬಂದಿತು. ಜಾರ್ಜ್ ಎವರೆಸ್ಟ್ ಅವನ ಸಹಾಯಕನಾಗಿ ನೇಮಕಗೊಂಡನು. ಅಷ್ಟು ಹೊತ್ತಿಗೆ ಲ್ಯಾಂಬ್ಟನ್ನನು ವೃದ್ಧನಾಗಿದ್ದನು. ಕಂಸವು ಹಿಮಾಲಯವನ್ನು ಮುಟ್ಟುವುದನ್ನು ತಾನು ಕಾಣಲಾರೆನೆಂಬುದು ಅವನಿಗೆ ತಿಳಿದಿತ್ತು. ಆದರೂ ವಿಶ್ರಾಂತಿಯನ್ನು ಬಯಸಲಿಲ್ಲ. ನಾಗಪುರದತ್ತ ಪಯಣಿಸುತ್ತಿದ್ದಾಗ ೧೮೨೩ರ ಜನವರಿ ೨೦ರಂದು ಹಿಂಗಣಘಾಟಿನಲ್ಲಿ ಅವನು ಕೊನೆಯುಸಿರೆಳೆದನು. ಅವನ ಸಮಾಧಿ ಅಲ್ಲಿಯೇ ಇದೆ. ಆ ವೇಳೆಗೆ ಸುಮಾರು ೧,೬೫,೦೦೦ ಚದರ ಮೈಲಿಗಳಷ್ಟು ಪ್ರದೇಶವು ಅವನ ತ್ರಿಕೋನಗಳ ಬಲೆಯೊಳಗೆ ಬಂದಿತ್ತು.

ಮುಂದೆ ಎವರೆಸ್ಟನು ಮಹಾಕಂಸವನ್ನು ಹಿಮಾಲಯದ ಅಡಿಯವರೆಗೆ ಒಯ್ದು ೧೮೪೧ರಲ್ಲಿ ಮುಗಿಸಿದನು. ಕನ್ಯಾಕುಮಾರಿಯ ಬಳಿಯಿಂದ ಡೆಹರಾಡೂನಿನ ಪ್ರದೇಶದವರೆಗೆ ಅದರ ಉದ್ದ ಸುಮಾರು ೨,೪೦೦ ಕಿಲೋಮೀಟರು. ಈ ಅಳತೆಯಿಂದ ಭೂಮಿಯ ಆಕಾರವನ್ನು ಕುರಿತು ದೊರೆತ ಪ್ರಮಾಣಗಳನ್ನು ಭಾರತದ ನಕ್ಷೆಗಳಲ್ಲಿ ಬಹುಕಾಲ ಬಳಸಲಾಯಿತು. ಅದೇ ತ್ರಿಕೋನ ಸರಣಿಗಳನ್ನು ಆಧರಿಸಿ, ಬಂಗಾಳದ ಗಣಿತಜ್ಞ ರಾಧಾನಾಥ ಸಿಕ್ದಾರರು ೧೮೫೨ರ ಸುಮಾರಿಗೆ ಹಿಮಾಲಯದ ಒಂದು ಶಿಖರವು ಎಲ್ಲಕ್ಕಿಂತ ಎತ್ತರವಾದುದೆಂದು ಲೆಕ್ಕದಿಂದ ತೋರಿಸಿಕೊಟ್ಟರು. ಆ ಶಿಖರಕ್ಕೆ ಎವರೆಸ್ಟನ ಹೆಸರು ಬಂದಿತು. ಮೊದಲ ಸರಪಣಿಯನ್ನು ಹಾಸಿದವನ ಹೆಸರನ್ನು ಕೆಲವರು ಮಾತ್ರ ಬಲ್ಲರು.

೨೦೨೧ರ ಜನವರಿಯಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊದಿಂದ ಹೊರಟ ವಿಮಾನವೊಂದು ಎಲ್ಲಿಯೂ ಇಳಿಯದೆ ಬೆಂಗಳೂರನ್ನು ತಲುಪಿತು. ಗೋಡೆಯ ಮೇಲಿನ ಭೂಪಟವನ್ನು ನೋಡಿದರೆ ಅದು ಮಹಾಸಾಗರವನ್ನು ಅಡ್ಡಲಾಗಿ ದಾಟಿ ಬರಬೇಕಿತ್ತೆಂದು ತೋರುತ್ತದೆ. ಆದರೆ ಅದು ಬಂದದ್ದು ಉತ್ತರ ಧ್ರುವ ಪ್ರದೇಶದ ಮೇಲಿನಿಂದ. ಗೋಳದ ಮೇಲೆ ದಾರವನ್ನು ಹಿಡಿದು ನೋಡಿದರೆ ಸುಮಾರು ೧೪,೦೦೦ ಕಿಲೋಮೀಟರುಗಳ ಆ ಹತ್ತಿರದ ಹಾದಿ ಉತ್ತರಕ್ಕೆ ಎಷ್ಟು ಬಾಗಿದೆಯೆಂಬುದು ಒಡನೆಯೇ ಅರ್ಥವಾಗುತ್ತದೆ. ಇಂದು ಇಂತಹ ಲೆಕ್ಕವನ್ನು ಗಣಕಯಂತ್ರವು ಕ್ಷಣಾರ್ಧದಲ್ಲಿ ಮಾಡುತ್ತದೆ. ಅದಕ್ಕೆ ಭೂಮಿಯ ಗಾತ್ರವೆಷ್ಟು, ಬಾಗೆಷ್ಟು ಎಂಬುದನ್ನು ಮೊದಲು ಯಾರೋ ಅಳೆದು ಹೇಳಿರಬೇಕು. ಬೆಂಗಳೂರಿನ ಬಯಲಿನಲ್ಲಿ ಸರಪಣಿಯನ್ನು ಹಾಸಿ, ೩.೭ ಅಂಗುಲದ ವ್ಯತ್ಯಾಸವನ್ನೂ ಮರೆಮಾಚದೆ ಬರೆದಿಟ್ಟ ಲ್ಯಾಂಬ್ಟನ್ ಅಂತಹವರಲ್ಲಿ ಒಬ್ಬನು. ತಾನು ಮುಗಿಸಲಾಗದ ಕೆಲಸವನ್ನು, ಮುಂದಿನವರು ನಂಬಿ ಮುಂದುವರಿಸಬಹುದಾದಷ್ಟು ಪ್ರಾಮಾಣಿಕವಾಗಿ ಮಾಡಿಟ್ಟು ಹೋದದ್ದೇ ಅವನ ಹಿರಿಮೆ.